ಫರಂಗಿಯ ಸೋದರತ್ತೆ

ಇದು ನಡೆದದ್ದು. ನಂಬುವವರಿಗಿಂತ ನಗುವವರೇ ಹೆಚ್ಚೆಂದು ಗೊತ್ತಿದ್ದೂ ಬರೆಯುತ್ತಿದ್ದೇನೆ. ನನ್ನ ಅಂಜುಬುರುಕತನ ಸೇಡಂ ಪೇಟೆಗೆಲ್ಲ ಗೊತ್ತು. ಮೋಡ ಬಂದರೆ ಸಿಡಿಲಿನ ಚಿಂತೆ, ಬಾರದಿದ್ದರೆ ಬಿಸಿಲಿನ ಚಿಂತೆ. ಅಂಥವನು ದೆವ್ವ ಕಂಡೆ ಎಂದರೆ ಯಾರು ಕೇಳುತ್ತಾರೆ? ಆದರೆ ನಾನು ಕಂಡೆ ಎನ್ನುತ್ತಿಲ್ಲ. ಏನನ್ನೂ ಕಾಣಲಿಲ್ಲ. ತೊಂದರೆ ಇರುವುದೇ ಅಲ್ಲಿ...

ನನ್ನದು ಸೇಡಂನಲ್ಲಿ ಬಟ್ಟೆ ಅಂಗಡಿ. ಹೆಂಡತಿ ತೀರಿಕೊಂಡ ಮೇಲೆ ಮನೆಯಲ್ಲಿ ನಾನೊಬ್ಬನೇ. ಮಕ್ಕಳಾಗಲಿಲ್ಲ, ನಮ್ಮ ಜಂತೆಗೆ ತೊಟ್ಟಿಲು ಕಟ್ಟುವ ಪ್ರಸಂಗವೇ ಬರಲಿಲ್ಲ. ಸಂಜೆ ಅಂಗಡಿ ಮುಚ್ಚಿ ಬಂದು ದೀಪ ಹಚ್ಚಿದರೆ ಗೋಡೆಯ ಮೇಲೆ ನನ್ನ ನೆರಳೊಂದೇ ಏಳುತ್ತಿತ್ತು. ನನ್ನ ಒಂಟಿತನ ನೋಡಲಾರದೆ ಚಿಂಚೋಳಿಯ ಗಿರಾಕಿಯೊಬ್ಬರು ಒಂದು ನಾಯಿಮರಿ ತಂದುಕೊಟ್ಟರು. ಕಂದು ಬಣ್ಣ, ಅಂಗೈಯಗಲದ ಹೊಟ್ಟೆ. ರಾತ್ರಿ ಅದು ನನ್ನ ಕಂಕುಳಲ್ಲಿ ಉಸಿರಾಡುವಾಗ ಮನೆಗೆ ಜೀವ ಬಂದಂತಾಗುತ್ತಿತ್ತು. ಅದೊಂದು ಹೋದರೆ ಮತ್ತೆ ಆ ನೆರಳೇ.

ಆ ಚಳಿಗಾಲ ಗೋವಾದಲ್ಲಿದ್ದ ತಂಗಿ, ರಜೆಗೆ ಬಾ ಎಂದು ಹಟ ಹಿಡಿದಳು. ಆಗ ನಮ್ಮದು ಹೈದರಾಬಾದ್ ರಾಜ್ಯ. ಗೋವಾ ಎಂದರೆ ಪೋರ್ತುಗೀಜರ ನಾಡು, ಅಪ್ಪಟ ಪರದೇಶ. ಮರಿಯನ್ನು ಬಿಟ್ಟುಹೋಗುವಷ್ಟು ನಂಬಿಕೆ ನನಗೆ ಯಾರ ಮೇಲೂ ಇರಲಿಲ್ಲ. ಮೈಬೂಬನ ಬಾಡಿಗೆ ಕಾರು ಗೊತ್ತು ಮಾಡಿದೆ. ತಂಗಿಗೆಂದು ಅಂಗಡಿಯಿಂದ ಒಂದು ಹಸಿರು ಕುಪ್ಪಸದ ಖಣ, ಮರಿಗೆ ಹಾಲಿನ ಚರಿಗೆ, ನನಗೆ ಹೊಟ್ಟೆನೋವಿನ ಪುಡಿ ಇಟ್ಟುಕೊಂಡೆ. ಬೆಳಿಗ್ಗೆ ಹೊರಡಬೇಕಾದವರು ನನ್ನ ದೆಸೆಯಿಂದ ಮಧ್ಯಾಹ್ನ ಹೊರಟೆವು.

ಚಿತ್ತಾಪುರ ದಾಟಿ ವಾಡಿಯ ಕಡೆ ಹೋಗುವಾಗ ಹೊತ್ತು ಮುಳುಗುತ್ತಿತ್ತು. ಕಾರಿನ ಟ್ಯೂಬು ಒಡೆಯಿತು. ಇನ್ನೊಂದು ಚಕ್ರ ತೆಗೆದರೆ ಅದೂ ಮೆತ್ತಗೆ ಕುಳಿತಿತ್ತು. ಸುತ್ತ ತೊಗರಿ ಹೊಲ. ಪಕ್ಕದಲ್ಲಿ ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಹಾಳು ಗಣಿ, ಅದರ ತುಂಬ ಕಪ್ಪು ನೀರು. ದಂಡೆಯ ಮೇಲೆ ಕದವಿಲ್ಲದ ಒಂದು ಕಲ್ಲು ಚಪ್ಪರ.

ಮೈಬೂಬ ಟ್ಯೂಬು ಬಿಚ್ಚುತ್ತಿರುವಾಗ ನನಗೆ ಹೊಸ ಚಿಂತೆ ಹುಟ್ಟಿತು.

"ಮೈಬೂಬ, ಗಡಿ ನಾಕಾದಾಗ ಇದರ ಹೆಸರ ಕೇಳಿದ್ರ ಏನ್ ಹೇಳ್ಬೇಕೋ?"

"ನಾಯಿ ಅನ್ರಿ ಸಾವ್ಕಾರ್ರ."

"ಪರದೇಶದವರೋ ಅವರು. ಹೆಸರಿಲ್ದ ಜೀವಾ ಒಳಗ ಬಿಡ್ತಾರೇನು?"

"ಹಂಗಾದ್ರ ಈಗs ಇಟ್ಟುಬಿಡ್ರಿ. ಆದ್ರ ನಿಮ್ಮಾಗ ಸೋದರತ್ತಿ ಬೇಕಲ್ರಿ? ನಿಮ್ ತಂಗಿಯವರು ನೋಡಿದ್ರ ಗೋವಾದಾಗ ಕುಂತಾರ."

ಮಾತು ನಿಜವೇ. ನಮ್ಮಲ್ಲಿ ಕೂಸಿನ ಕಿವಿಯಲ್ಲಿ 'ಕುರ್‍ರ್...' ಎಂದು ಹೆಸರು ಹೇಳುವವಳು ತಂದೆಯ ಅಕ್ಕತಂಗಿ. ಹೇಳುವಾಗ ಉಳಿದವರು ಅವಳ ಬೆನ್ನಿಗೆ ಗುದ್ದುತ್ತಾರೆ. ಆಮೇಲೆ ಅವಳಿಗೆ ಖಣ ಕೊಟ್ಟು ಮಾನ ಮಾಡಬೇಕು. ಕೂಸಿನ ಮೇಲೆ ಅವಳ ಹಕ್ಕು ಸಣ್ಣದಲ್ಲ.

ನನಗೂ ಸ್ವಲ್ಪ ಹುರುಪು ಬಂತು. ಜೀವಮಾನದಲ್ಲಿ ಮಾಡದ ತೊಟ್ಟಿಲ ಕಾರ್ಯ! ಮರಿಯನ್ನು ಟವೆಲಿನಲ್ಲಿ ಸುತ್ತಿ ತೂಗುತ್ತ, ಗಣಿಯ ಕಡೆ ಮುಖ ಮಾಡಿ ಕೂಗಿದೆ: "ಯವ್ವಾ, ಈ ಕೂಸಿನ ಸೋದರತ್ತಿ ಯಾರಾರ ಇದ್ರ ಬರ್ರೆವ್ವಾ! ಹೆಸರ ಇಡೋದದ!"

ಕಲ್ಲಿನ ಗೋಡೆಗಳಿಗೆ ಬಡಿದು ದನಿ ತಿರುಗಿ ಬರಬೇಕಿತ್ತು. ಬರಲಿಲ್ಲ. ನೀರು ಅದನ್ನು ಇಟ್ಟುಕೊಂಡಂತಾಯಿತು.

"ಹೊತ್ತ ಮುಳುಗಿದ ಮ್ಯಾಲ ಹಂಗ ಕರೀಬಾರ್ದ್ರಿ," ಎಂದ ಮೈಬೂಬ. ಈಗ ಅವನು ನಗುತ್ತಿರಲಿಲ್ಲ.

ನಾನೇ ಮರಿಯ ಕಿವಿಗೆ ಬಾಯಿ ಹಚ್ಚಿ 'ಕುರ್‍ರ್...' ಅಂದೆ, ಹೆಸರು ಉಸುರಿದೆ. ಅವನು ಶಾಸ್ತ್ರಕ್ಕೆ ಒಂದು ಗುದ್ದು ಕೊಟ್ಟ.

"ಏನಿಟ್ರಿ?"

"ಗೋವಾದಾಗ ಹೇಳ್ತೀನಿ, ನಡಿ."

ಇಟ್ಟದ್ದು 'ಫರಂಗಿ' ಎಂದು. ಹೇಳಿದರೆ ವಾಡಿಯವರೆಗೂ ನಗುತ್ತಾನೆಂಬ ನಾಚಿಕೆ. ತೇಪೆ ಹಾಕಿಸಿಕೊಂಡು ಬರಲು ಅವನು ಟ್ಯೂಬು ಹೆಗಲಿಗೆ ಹಾಕಿಕೊಂಡು ವಾಡಿಯ ದಾರಿ ಹಿಡಿದ. ಅವನ ಬೀಡಿಯ ಕೆಂಪು ಚುಕ್ಕೆ ಬಹಳ ಹೊತ್ತು ಕಾಣುತ್ತಿತ್ತು. ಆಮೇಲೆ ಅದೂ ಇಲ್ಲ.

ಕಾರಿನ ಬಾಗಿಲು ತೆರೆದಿಟ್ಟು, ಮರಿಯನ್ನು ತೊಡೆಯ ಮೇಲೆ ಹಾಕಿಕೊಂಡು ಕುಳಿತೆ. ಬೆಳದಿಂಗಳು. ದೂರದಲ್ಲಿ ವಾಡಿ ಸ್ಟೇಷನ್ನಿನ ಇಂಜಿನ್ನು ಸೀಟಿ ಹಾಕಿತು. ಎಲ್ಲಿಗೋ ಹೋಗುವ ಜನ, ತಮ್ಮ ತಮ್ಮವರ ಜೊತೆ... ಅವರಲ್ಲಿ ಒಬ್ಬರಿಗೂ ನಾನಿಲ್ಲಿ ಕುಳಿತಿರುವುದು ಗೊತ್ತಿಲ್ಲ ಎನ್ನಿಸಿ ಮರಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡೆ.

ಮೊದಲು ವಾಸನೆ ಬಂತು.

ಕೆಂಡದ ಮೇಲೆ ಅಜವಾನ, ಬೆಳ್ಳುಳ್ಳಿ ಸಿಪ್ಪೆ ಸುಟ್ಟ ವಾಸನೆ... ಬಾಣಂತಿಯ ಕೋಣೆಯ ಹೊಗೆ. ಸುತ್ತಮುತ್ತ ಮನೆಯಿಲ್ಲ, ಬೆಂಕಿಯಿಲ್ಲ. ನಂತರ ಚಪ್ಪರದ ಕಡೆಯಿಂದ ಸದ್ದು. ಕಿರ್... ಕಿರ್... ಹಗ್ಗ ತೊಲೆಗೆ ಉಜ್ಜುವ ಸದ್ದು. ಏನೋ ತೂಗುತ್ತಿತ್ತು.

ಗಾಳಿ ಎಂದುಕೊಂಡೆ. ಆದರೆ ತೊಗರಿಯ ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ.

ಆಗ ಕೇಳಿಸಿತು. ಹೆಣ್ಣು ದನಿ. ಜೋರಾಗಿಯಲ್ಲ, ಮಲಗಿದವರು ಎಚ್ಚರಾದಾರೆಂದು ತಗ್ಗಿಸಿ ಮಾತಾಡುತ್ತಾರಲ್ಲ, ಹಾಗೆ.

"ಕುರ್‍ರ್..."

ಮರಿಯ ಕಿವಿ ನಿಮಿರಿತು.

"ಕುರ್‍ರ್... ಫರಂಗಿ..."

ಆ ಹೆಸರು ಭೂಮಿಯ ಮೇಲೆ ನನ್ನ ಬಾಯಿಗೂ ಅದರ ಕಿವಿಗೂ ಮಾತ್ರ ಗೊತ್ತಿತ್ತು.

ಮರಿ ತೊಡೆಯಿಂದ ಜಾರಿತು. ಹಿಡಿಯಲು ಕೈ ಏಳಲಿಲ್ಲ. ಬಾಲ ಅಲ್ಲಾಡಿಸುತ್ತ ನೆಟ್ಟಗೆ ಗಣಿಯ ದಂಡೆಗೆ ಹೋಗಿ ನಿಂತಿತು. ಅದು ನೀರನ್ನು ನೋಡಲಿಲ್ಲ. ಮುಖ ಮೇಲೆತ್ತಿ, ಎದುರು ನಿಂತವರ ಮುಖ ನೋಡುವ ಹಾಗೆ ನೋಡಿತು. ಎದುರಿಗೆ ದಂಡೆ ಮುಗಿದು ಬರೀ ಬಯಲು, ಕೆಳಗೆ ಆಳದಲ್ಲಿ ನೀರು. ನೋಡುತ್ತಿದ್ದಂತೆ ಅದರ ಮುಂಗಾಲುಗಳು ನೆಲ ಬಿಟ್ಟವು. ಕಂಕುಳಿಗೆ ಕೈ ಕೊಟ್ಟು ಎತ್ತಿದರೆ ಕೂಸು ಹೇಗೆ ಜೋತು ಬೀಳುತ್ತದೋ, ಹಾಗೆ...

ಧೈರ್ಯ ಎಲ್ಲಿಂದ ಬಂತೆಂದು ಕೇಳಬೇಡಿ, ಬರಲೇ ಇಲ್ಲ. ಹೇಗೋ ಪೆಟ್ಟಿಗೆ ತೆರೆದೆ, ತಂಗಿಯ ಖಣ ತೆಗೆದೆ. ದಂಡೆಯ ಮೇಲೆ ಮೊಣಕಾಲೂರಿ ಅದನ್ನು ಕಲ್ಲಿನ ಮೇಲೆ ಹಾಸಿದೆ. ಆ ಹೊತ್ತಿಗೆ ನನ್ನ ಬುದ್ಧಿಗೆ ಹೊಳೆದದ್ದು ಅದೊಂದೇ: ಕರೆದವನು ನಾನು, ಮಾನ ಮಾಡದೆ ಬಿಟ್ಟವನೂ ನಾನು.

"ಅಕ್ಕಾ... ಕರದದ್ದು ನಾನs. ನೀ ಬಂದಿ. ನಿನ್ನ ಮಾನ ಇದು, ತಗೋ. ಆದ್ರ ಕೂಸು ನಂದವ್ವಾ... ಮನಿಯಾಗ ನನಗ ಬ್ಯಾರೆ ಯಾರೂ ಇಲ್ಲ."

ಹಗ್ಗದ ಸದ್ದು ನಿಂತಿತು. ಆಮೇಲೆ ನನ್ನ ಕಿವಿಯ ಹತ್ತಿರವೇ, ಬೆಚ್ಚಗೆ, ಒಂದು "ಹೂಂ".

ಮರಿಯ ಕಾಲುಗಳು ನೆಲಕ್ಕೆ ತಾಗಿದವು. ಅದನ್ನು ಬಾಚಿ ಎದೆಗೊತ್ತಿಕೊಂಡು ಕಾರಿನೊಳಗೆ ಸೇರಿದವನು, ಮೈಬೂಬ ಬಂದು ಗಾಜು ಬಡಿಯುವವರೆಗೂ ಕಣ್ಣು ತೆರೆಯಲಿಲ್ಲ.

ಆಗ ಬೆಳಕು ಹರಿಯುತ್ತಿತ್ತು. ನಡೆದದ್ದನ್ನೆಲ್ಲ ಹೇಳಿದೆ. ದಂಡೆಗೆ ಹೋಗಿ ನೋಡಿದೆವು. ಖಣ ಇರಲಿಲ್ಲ. ನೀರಿನ ಮೇಲೂ ಇಲ್ಲ.

"ಗಾಳಿಗಿ ಹಾರಿರ್ತದ್ರಿ," ಎಂದ ಮೈಬೂಬ, ನನ್ನ ಮುಖ ನೋಡದೆ. ಮರಿಯನ್ನು ನನ್ನ ಕೈಯಿಂದ ತೆಗೆದುಕೊಂಡವನು ಹಾಗೇ ನಿಂತ. "ಸಾವ್ಕಾರ್ರ, ಇದಕ್ಕ ಉಡದಾರ ಯಾವಾಗ ಕಟ್ಟಿದ್ರಿ?"

ಮರಿಯ ನಡುವಿಗೆ ಕರಿಯ ದಾರ. ಎಳೆಕೂಸಿಗೆ ಕಟ್ಟುವಂಥದೇ. ಒದ್ದೆಯಾಗಿತ್ತು.

"ನಾ ಕಟ್ಟಿಲ್ಲೋ."

ಮೈಬೂಬ ಮರಿಯನ್ನು ನನ್ನ ಮಡಿಲಿಗೆ ಹಾಕಿದ; ಚಕ್ರ ಕೂಡಿಸಿ ಹೊರಟವನು ಶಹಾಬಾದ್ ದಾಟುವವರೆಗೆ ಕಾರನ್ನು ಎಲ್ಲೂ ನಿಲ್ಲಿಸಲಿಲ್ಲ.

ಗೋವಾ ಮುಟ್ಟಿದೆವು. ಗಡಿಯ ಸಿಪಾಯಿ ಮರಿಯ ಗದ್ದ ತುರಿಸಿ ಒಳಗೆ ಬಿಟ್ಟ. ಹೆಸರು ಕೇಳಲೇ ಇಲ್ಲ. ತಂಗಿ ಅದನ್ನೆತ್ತಿಕೊಂಡು, "ಅಣ್ಣಾ, ಈ ದಾರ ಇನ್ನೂ ಹಸೀನೇ ಅದಲ್ಲೋ! ಯಾರು ಕಟ್ಯಾರ?" ಎಂದಳು. ದಾರಿಯಲ್ಲೆಲ್ಲೂ ಮಳೆಯಿರಲಿಲ್ಲ. ನಾನು ಚಹಾ ಕೇಳಿದೆ.

ಫರಂಗಿ ಈಗ ಮರಿಯಲ್ಲ, ಕರುವಿನಷ್ಟು ಎತ್ತರ ಬೆಳೆದಿದ್ದಾನೆ. ದಾರವನ್ನು ಕತ್ತರಿಸುವ ಎದೆಗಾರಿಕೆ ನನಗೆ ಬರಲಿಲ್ಲ. ಮೈ ಬಲಿತಂತೆ ಅದು ಹೊಟ್ಟೆಗೆ ಬಿಗಿದು ಪ್ರಾಣಕ್ಕೆ ಬಂದೀತೆಂದು ಹೆದರಿ ಆಗಾಗ ಬೆರಳು ತೂರಿಸಿ ನೋಡುತ್ತೇನೆ. ಒಂದು ಸಲವೂ ಬಿಗಿಯಾಗಿಲ್ಲ. ಅದೇ ದಾರ, ಅದೇ ಗಂಟು. ಯಾವಾಗ ನೋಡಿದರೂ ಬೆರಳು ಹಿಡಿಸುವಷ್ಟು ಸಡಿಲ.

ಮನೆಯಲ್ಲಿ ನಾವಿಬ್ಬರೇ. ಅದನ್ನು ಸಡಿಲಿಸುತ್ತಿರುವುದು ನಾನಲ್ಲ...