ಹುಳದಡಿ ಸೇರಿದ ಕ್ಯಾಲೆಂಡರ್ ಹಾಳೆಗಳು

ನನ್ನ ಮೊಮ್ಮಗಳು ಪಾಸಾದಳು! ಎರಡು ಸಲ ಬಿದ್ದಿದ್ದ ಸ್ಪ್ಯಾನಿಶ್ ಪರೀಕ್ಷೆಯಲ್ಲಿ ಮೂರನೇ ಸಲಕ್ಕೆ ಪಾಸಾದಳು. ಇವತ್ತು ಬೆಳಗ್ಗೆ ಫೋನಿನಲ್ಲಿ ನೋಡಿ ಅವಳು ಕಿರುಚಿದ ರಭಸಕ್ಕೆ ಕೊಟ್ಟಿಗೆಯಲ್ಲಿ ಮಲಗಿದ್ದ ಹಸು ಎದ್ದು ನಿಂತಿತು. ನಾನು ಓದಿದ್ದು ಬರೀ ಮೂರನೇ ಕ್ಲಾಸು. ಆದರೂ ಬರೆದಿಡೋಣ ಎಂದು ಕೂತಿದ್ದೇನೆ. ಸಂತೋಷ ಹೊಟ್ಟೆಯಲ್ಲಿ ಹಿಡಿಸುತ್ತಿಲ್ಲ. ಅದರ ಜೊತೆಗೆ, ನಾನು ಮಾಡಿದ ಒಂದು ತಪ್ಪನ್ನೂ ಒಪ್ಪಿಕೊಳ್ಳಬೇಕಿದೆ.

ನಮ್ಮದು ಸಾತನೂರು ಕಡೆಯ ಊರು. ರೇಷ್ಮೆ ಹುಳ ಸಾಕುವ ಮನೆ. ಮೊಮ್ಮಗಳ ಡಿಗ್ರಿಯೆಲ್ಲ ಮುಗಿದು ಈ ಒಂದು ಪೇಪರು ಮಾತ್ರ ಉಳಿದಿತ್ತು. ಹೊರದೇಶಕ್ಕೆ ಬೊಂಬೆ ಕಳಿಸುವ ಚನ್ನಪಟ್ಟಣದ ಅಂಗಡಿಯವರೊಬ್ಬರು, "ಪಾಸಾಗಿ ಬಾರಮ್ಮ, ಅಲ್ಲಿನ ಗಿರಾಕಿಗಳಿಗೆ ಅವರ ಭಾಷೇಲೇ ಕಾಗದ ಬರೆಯೋ ಕೆಲಸ ಕೊಡ್ತೀವಿ" ಎಂದಿದ್ದರು. ನನ್ನ ಮಗ, ಅಂದರೆ ಅವಳಪ್ಪ, ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟಿದ್ದ. "ಈ ಸಲ ಆಗ್ನಿಲ್ಲ ಅಂದ್ರೆ ಪುಸ್ತಕ ಕಟ್ಟಿ ಅಟ್ಟಕ್ಕಾಕು. ಸಾಕು."

ಅವಳು ಎಡವುತ್ತಿದ್ದುದು ಒಂದೇ ಜಾಗದಲ್ಲಿ. ಹೀಗಾಗಿದ್ದರೆ, ಹಾಗೆ ಮಾಡಿದ್ದರೆ ಎಂದು ಆಗದೇ ಹೋದದ್ದನ್ನು ಹೇಳುವುದಕ್ಕೆ ಆ ಭಾಷೆಯಲ್ಲಿ ಬೇರೆಯದೇ ರೂಪವಂತೆ. ನಾನು, ನೀನು, ಅವನು, ನಾವು, ನೀವು, ಅವರು ಎಂದು ಒಂದೊಂದಕ್ಕೂ ಬೇರೆ ಬೇರೆ ಬಾಲ. ಅದನ್ನೆಲ್ಲ ಅವಳು ಹಳೇ ಕ್ಯಾಲೆಂಡರ್ ಹಾಳೆಗಳ ಬೆನ್ನಿಗೆ ಬರೆದಿದ್ದಳು. ತಾನು ತಪ್ಪುವ ಕಡೆಯೆಲ್ಲ ಕೆಂಪು ಶಾಯಿ. ಬೆಳಗಾದರೆ ಹುಳದ ಮನೆಯಲ್ಲಿ ನಾನು ಮಣೆ ಮುಂದೆ ಕೂತು ಹಿಪ್ಪುನೇರಳೆ ಸೊಪ್ಪು ಕತ್ತರಿಸುವುದು, ಅವಳು ಹಾಳೆ ಹಿಡಿದು ಓಡಾಡುತ್ತಾ ಒಪ್ಪಿಸುವುದು. "ತುವಿಯೆರಾ, ತುವಿಯೆರಾಸ್, ತುವಿಯೆರಾ..." ನನಗೆ ಒಂದಕ್ಷರ ಅರ್ಥವಾಗುತ್ತಿರಲಿಲ್ಲ. ಕೈ ಮಾತ್ರ ಅವಳ ದನಿಗೆ ಸರಿಯಾಗಿ ಆಡುತ್ತಿತ್ತು.

ಪರೀಕ್ಷೆಗೆ ಐದು ದಿನ ಇದೆ ಅನ್ನುವಾಗ ಕನಕಪುರದ ಗೆಳತಿಯ ಮನೆಯಲ್ಲಿ ಕೂತು ಮಿಕ್ಕ ಪಾಠ ಓದುತ್ತೇನೆಂದು ಹೋದಳು. ಅದೇ ದಿನ ಮರಿಹುಳ ಬಂದವು. ತಟ್ಟೆಗಳಿಗೆ ಹಾಸಲು ಪೇಪರು ಸಾಲಲಿಲ್ಲ. ಮೂಲೆಯಲ್ಲಿ ಕ್ಯಾಲೆಂಡರ್ ಸುರುಳಿ ಕಂಡಿತು. ಹಾಳೆ ದಪ್ಪಗಿತ್ತು, ಹುಳಕ್ಕೆ ಬೆಚ್ಚಗಿರುತ್ತೆ ಅಂದುಕೊಂಡೆ. ಮೇಲೆ ದೇವರ ಪಟವಿದ್ದಿದ್ದರೆ ಮುಟ್ಟುತ್ತಿರಲಿಲ್ಲ. ಇದ್ದದ್ದು ಬರೀ ತಾರೀಕು. ಅವಳ ಹಾಳೆಗಳನ್ನು ಅವಳೇ ಒಯ್ದಿರುತ್ತಾಳೆ ಅಂದುಕೊಂಡು ಬೆನ್ನು ತಿರುಗಿಸಿ ನೋಡಲಿಲ್ಲ. ಹಾಸಿ, ಹುಳ ಬಿಟ್ಟು, ಸೊಪ್ಪು ಹಾಕಿದೆ.

ಮೂರು ದಿನ ಬಿಟ್ಟು ಸಂಜೆ ಅವಳು ಬಂದವಳೇ ಮೂಲೆಯೆಲ್ಲ ತಡಕಾಡಿದಳು.

"ಅಜ್ಜಿ, ಇಲ್ಲಿ ಕ್ಯಾಲೆಂಡರ್ ಸುರುಳಿ ಇತ್ತಲ್ಲ?"

ನನ್ನ ಕಣ್ಣು ತಟ್ಟೆಗಳ ಕಡೆ ಹೋಯಿತು. ಅವಳ ಕಣ್ಣೂ ಹಿಂದೆಯೇ ಬಂತು. ಹುಳಗಳೆಲ್ಲ ಜ್ವರಕ್ಕೆ ಕೂತಿದ್ದವು. ಪೊರೆ ಬಿಡುವ ಮುಂಚೆ ಮೇವು ಬಿಟ್ಟು, ತಲೆಯೆತ್ತಿ, ಕಲ್ಲಿನಂತೆ ಕೂರುವುದಕ್ಕೆ ನಾವು ಜ್ವರ ಅನ್ನುತ್ತೇವೆ. ಆಗ ಅವನ್ನು ಅಲುಗಾಡಿಸುವಂತಿಲ್ಲ. ಅಲುಗಿದರೆ ಬೆಳೆಯೇ ಕೆಟ್ಟಂತೆ.

ನಾನು ಕೈ ಹಾಕಲು ಹೋದೆ. ಅವಳು ನನ್ನ ಮಣಿಕಟ್ಟು ಹಿಡಿದುಕೊಂಡಳು. "ಬ್ಯಾಡ ಅಜ್ಜಿ. ಹುಳ ಜ್ವರದಲ್ಲಿ ಅವೆ."

"ಒಂದೇ ಒಂದು ತಟ್ಟೆ ಎತ್ತೀನಿ ಕಣವ್ವ. ಹೋದ್ರೆ ಹೋಗ್ಲಿ."

"ಎತ್ತಿದ್ರೂ ಏನೈತೆ? ಮೂರು ದಿನ ಹುಳದ ಪಿಕ್ಕೆ ಬಿದ್ದೈತೆ, ತೇವ. ಶಾಯಿ ಉಳಿದಿರ್ತದಾ?" ಅಂದವಳು ಅಲ್ಲೇ ನೆಲದ ಮೇಲೆ ಕೂತಳು.

ಮಗ ಬಾಗಿಲಲ್ಲಿ ನಿಂತು ನೋಡಿದ. "ಅವ್ವ, ಅವಳ ಓದ್ನೂ ಹುಳಕ್ಕೆ ತಿನ್ನುಸ್ಬುಟ್ಟೆ."

"ಫೋನಲ್ಲಿ ಸಿಗಾಕಿಲ್ವೇನವ್ವ ಅದು?" ಎಂದು ಸೊಸೆ ತನ್ನ ಮಗಳನ್ನು ಕೇಳಿದಳು.

"ಎಲ್ಲಾ ಸಿಗ್ತದಮ್ಮ. ನಾನು ತಪ್ಪೋದು ಎಲ್ಲೆಲ್ಲಿ ಅನ್ನೋದು ಸಿಗಾಕಿಲ್ಲ. ಅದು ಆ ಹಾಳೇಲಿ ಮಾತ್ರ ಇತ್ತು."

ಆ ರಾತ್ರಿ ಅವಳು ಊಟಕ್ಕೆ ಕೂರಲಿಲ್ಲ. ನಾನೂ ಉಣ್ಣಲಿಲ್ಲ. ಪರೀಕ್ಷೆಗೆ ನಡುವೆ ಒಂದೇ ದಿನ. ಮೂರನೇ ಕ್ಲಾಸಿಗೇ ಓದು ಬಿಟ್ಟ ಮುದುಕಿ ಓದುವ ಕೂಸಿನ ಬದುಕಿಗೇ ಕಲ್ಲು ಹಾಕಿದೆನಲ್ಲ ಎಂದು ಕಂಡ ದೇವರಿಗೆಲ್ಲ ಕೈ ಮುಗಿದೆ. ಯಾವ ದೇವರು ಸ್ಪ್ಯಾನಿಶ್ ಓದಿದ್ದಾನೆ?

ಬೆಳಗ್ಗೆ ಹುಳ ಇನ್ನೂ ಜ್ವರದಲ್ಲೇ ಇದ್ದವು. ಸೊಪ್ಪು ಕತ್ತರಿಸುವ ಕೆಲಸವಿರಲಿಲ್ಲ. ಆದರೂ ಕಾಲು ಎಳೆದುಕೊಂಡು ಹೋಗಿ ಮಣೆ ಮುಂದೆ ಕೂತೆ. ಅವಳೂ ಬಂದು ಹೊಸ್ತಿಲ ಮೇಲೆ ಕೂತಳು. ಅತ್ತು ಅತ್ತು ಮುಖ ಊದಿತ್ತು. ಏನು ಮಾಡಬೇಕೋ ತೋಚದೆ ಖಾಲಿ ಮಣೆಯ ಮೇಲೆ ಕತ್ತಿ ಆಡಿಸಿದೆ. ಟಕ್, ಟಕ್, ಟಕ್. ಅವಳು ದಿನಾ ಒಪ್ಪಿಸುತ್ತಿದ್ದ ದನಿ ಮನಸ್ಸಿನಲ್ಲೇ ಓಡುತ್ತಿತ್ತು, ಒಂದು ಕಡೆ ಕತ್ತಿ ತಾನಾಗಿ ನಿಂತಿತು.

"ಇಲ್ಲಿ ನೀನು ತಪ್ತಿದ್ದೆ ಕಣವ್ವ," ಅಂದೆ.

"ಎಲ್ಲಿ?"

"ಆ ದಿಹೆರಾ ಅಂತೀಯಲ್ಲ, ಅದ್ರಲ್ಲಿ. ಕೊನೇದು ಹೇಳೋವಾಗ ಎಡವಿ ನಾಲಿಗೆ ಕಚ್ಕತಿದ್ದೆ. ನೀನು ಸರಿಯಾಗಿ ಹೇಳೋಗಂಟ ನಾನು ಕತ್ತಿ ನಿಲ್ಲಿಸ್ತಿದ್ದೆ. ಇಲ್ದಿದ್ರೆ ಬೆರಳು ಕುಯ್ಕಬೇಕಾಯ್ತಿತ್ತು."

ಅವಳು ನನ್ನನ್ನೇ ನೋಡಿದಳು. "ಇನ್ನೆಲ್ಲಿ ನಿಲ್ಲಿಸ್ತಿದ್ದೆ?"

"ನೀನು ಹೇಳ್ತಾ ಹೋಗು. ಕೈಗೆ ಗೊತ್ತೈತೆ."

ಅವಳು ಶುರು ಮಾಡಿದಳು. ನಾನು ಕಣ್ಣು ಮುಚ್ಚಿ ಕತ್ತಿ ಆಡಿಸಿದೆ. ಕೈ ನಿಂತಲ್ಲೆಲ್ಲ ಅವಳು ಹೊಸ ಹಾಳೆಯಲ್ಲಿ ಕೆಂಪು ಗೆರೆ ಎಳೆದಳು. ಕೆಲವು ಕಡೆ ನಾನು ಸುಮ್ಮಸುಮ್ಮನೆ ನಿಲ್ಲಿಸಿದ್ದೂ ಉಂಟು. ಆಗ ರೇಗುತ್ತಿದ್ದಳು. "ಅಜ್ಜಿ, ಇಲ್ಲಿ ನಂಗೆ ಚೆನ್ನಾಗಿ ಬತ್ತದೆ, ಕತ್ತಿ ಆಡ್ಸು ನೀನು!" ಆ ರೇಗಾಟ ಕೇಳಿ ನನಗೆ ಜೀವ ಬಂದಂತಾಯಿತು. ಸಂಜೆಯವರೆಗೂ ಸೊಪ್ಪೇ ಇಲ್ಲದೆ ಕತ್ತರಿಸಿದೆ. ಮಣೆಯಲ್ಲಿ ಗುಳಿ ಬಿತ್ತು.

ಅವಳು ಪರೀಕ್ಷೆಗೆ ಬಸ್ಸು ಹತ್ತಿದ ಬೆಳಗ್ಗೆ ಹುಳಗಳೂ ಜ್ವರದಿಂದ ಎದ್ದವು. ಹಾಸು ತೆಗೆದು ನೋಡಿದರೆ ಹಾಳೆಗಳು ಹಸಿರು ಮುದ್ದೆಯಾಗಿದ್ದವು. ತಿಪ್ಪೆಗೆ ಹಾಕಿ ಬಂದೆ. ಆಮೇಲೆ ಹುಳ ಬಲಿತು ಹಣ್ಣಾಗಿ, ಗೂಡು ಕಟ್ಟಿ, ಗೂಡು ರಾಮನಗರದ ಮಾರ್ಕೆಟ್ಟಿಗೆ ಹೋದರೂ ಫಲಿತಾಂಶ ಬರಲಿಲ್ಲ. ಅವಳ ಫೋನು ಸದ್ದು ಮಾಡಿದಾಗಲೆಲ್ಲ ನಾನು ಕೈಲಿದ್ದ ಕೆಲಸ ಬಿಟ್ಟು ಬರುತ್ತಿದ್ದೆ.

ಇವತ್ತು ಬಂತು. ಸಂಜೆ ನಾಟಿಕೋಳಿ ಸಾರು, ಮುದ್ದೆ. ನಾಲ್ಕೂ ಜನ ನಡುಮನೆಯಲ್ಲಿ ಒಟ್ಟಿಗೆ ಕೂತೆವು. ಮಗ ತಾನೇ ಎದ್ದು ಮಗಳ ತಟ್ಟೆಗೆ ತೊಡೆ ತುಂಡು ಹಾಕಿ, "ಅದೇನವ್ವ ಅದು, ಒಂದ್ಸಲ ಹೇಳು, ಕೇಳಾನ" ಅಂದ.

ಬಾಯಲ್ಲಿ ತುತ್ತಿದ್ದ ಹಾಗೆಯೇ ಅವಳು ದಿಹೆರಾದಿಂದ ಶುರು ಮಾಡಿದಳು. ಮುದ್ದೆ ಮುರಿಯುತ್ತಿದ್ದ ನನ್ನ ಕೈ ಅಭ್ಯಾಸಬಲದಿಂದ ನಿಂತಿತು. ಅವಳು ನಿಲ್ಲಲಿಲ್ಲ. ಕೊನೆಯವರೆಗೂ ಹೇಳಿ ಮುಗಿಸಿ, ನನ್ನ ಕೈ ನೋಡಿ ನಕ್ಕಳು.

"ಉಣ್ಣಜ್ಜಿ, ಸಾರು ಆರೋಯ್ತದೆ."