ಆಯಿ ಒಂದನೇ ಇಯತ್ತೆಯಲ್ಲಿ ಕೂತದ್ದು

ರವೆ ಹುರಿಯುವ ವಾಸನೆ ಎಲ್ಲಿ ಬಂದರೂ ನನ್ನ ಬಲಗೈ ತಾನಾಗಿ ನೆತ್ತಿಯ ಮೇಲೇರುತ್ತದೆ. ನಮ್ಮ ಕಾಲದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಉಳಿದವರಿಗೆ ಹೇಳುತ್ತೇನೆ. ಅನಗವಾಡಿಯ ಆಚೆ, ಕೃಷ್ಣೆಯ ದಂಡೆಯ ನಮ್ಮೂರಲ್ಲಿ ಹುಟ್ಟಿದ ತಾರೀಖು ನೆನಪಿಟ್ಟವರು ಯಾರೂ ಇರಲಿಲ್ಲ. ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಿದ ಕೂಸಿಗೆ ಆರು ವರ್ಷ ತುಂಬಿತೆಂದು ಸಾಲೆಯಲ್ಲಿ ಹೆಸರು ಹಚ್ಚುತ್ತಿದ್ದರು. ಹೆಸರು ಹಚ್ಚಿದವರಿಗೆ ಮಧ್ಯಾಹ್ನ ಉಪ್ಪಿಟ್ಟು. ಹೀಗೆ ನಮ್ಮ ಹಸಿವಿನ ಯೋಗ್ಯತೆಯನ್ನು ಕಿವಿ ನಿರ್ಧರಿಸುತ್ತಿತ್ತು.

ಅಪ್ಪ-ಅವ್ವ ಕುರಿಹಿಂಡಿನ ಬೆನ್ನು ಹತ್ತಿ ತಿಂಗಳುಗಟ್ಟಲೆ ಹೋದರೆ ಮನೆಯಲ್ಲಿ ಉಳಿಯುವವರು ಅಪ್ಪನ ತಾಯಿ, ಅಂದರೆ ನಮ್ಮ ಆಯಿ, ಸಾಲೆಯಲ್ಲಿ ಒಂದನೇ ಇಯತ್ತೆ ಓದುತ್ತಿದ್ದ ನಾನು, ತಂಗಿ ಮಾಳವ್ವ. ಆ ವರ್ಷ ಜೋಳದ ಗಡಿಗೆ ಬೇಗ ತಳ ಕಂಡಿತು. ನಾನು ಮುಷ್ಟಿಯಲ್ಲಿ ಮುಚ್ಚಿ ತಂದ ಉಪ್ಪಿಟ್ಟು ಮಾಳವ್ವನಿಗೆ ಎಲ್ಲಿ ಸಾಲಬೇಕು? ಆಯಿ ಅವಳನ್ನು ಹೊಸಿಲ ಮೇಲೆ ಕೂಡಿಸಿ, ಗರಡಿಯ ವಸ್ತಾದನ ಗಾಂಭೀರ್ಯದಿಂದ, ಎಣ್ಣೆ ಇಲ್ಲದ್ದಕ್ಕೆ ನೀರು ಹಚ್ಚಿ, ವಾರವಿಡೀ ತೋಳು ಜಗ್ಗಿದಳು. ತೋಳು ಒಂದು ನೂಲೂ ಬೆಳೆಯಲಿಲ್ಲ. ಹೆಡ್‌ಮಾಸ್ತರರ ಮುಂದೆ ಮಾಳವ್ವ ಕುತ್ತಿಗೆ ಓರೆ ಮಾಡಿ, ಕಿವಿಯನ್ನೇ ಕೈಯ ಕಡೆ ಕಳಿಸಿದಳು.

"ತಲಿ ನೆಟ್ಟಗ ಹಿಡಿಬೇ," ಎಂದರು ಅವರು. ಆಮೇಲೆ ಆಯಿಯ ಕಡೆ ತಿರುಗಿ, "ಇನ್ನಾ ಸಣ್ಣಾಕಿ ಅದಾಳ. ಮುಂದಿನ ವರ್ಷ ಕರಕೊಂಡ ಬಾ."

"ಹಸಿವಿ ಮುಂದಿನ ವರ್ಷ ಬರತೈತೇನ್ರಿ?" ಎಂದ ಆಯಿ ತನ್ನ ಬಲಗೈ ಎತ್ತಿ ಎಡಗಿವಿ ಹಿಡಿದಳು. "ನೋಡ್ರಿ, ನಂದು ಮುಟ್ಟತೈತಿ. ನನ್ನ ಹೆಸರ ಹಚ್ಚರಿ. ಉಪ್ಪಿಟ್ಟು ಅಕಿ ತಿಂತಾಳ."

ಹಾಗೆಂದವಳು ಒಂದನೇ ಇಯತ್ತೆಯ ಸಾಲಿನಲ್ಲಿ ನನ್ನ ಪಕ್ಕದಲ್ಲೇ ಚಕ್ಕಳಮಕ್ಕಳ ಹಾಕಿ ಕೂತಳು. ಮರುದಿನವೂ ಬಂದಳು, ಪಾಟಿ ಸಮೇತ. ನಾಲ್ಕನೆಯ ದಿನ ಮಾಸ್ತರರು ಹಾಜರಿ ಪುಸ್ತಕದಿಂದ ತಲೆ ಎತ್ತದೆ ಅಡುಗೆಯವಳಿಗೆ, "ಆ ಮುದಕಿಗೊಂದು ತಾಟ ಹಾಕ," ಎಂದರು. ಮಾಳವ್ವನ ಕೈ ಕಿವಿ ಮುಟ್ಟುವ ತನಕ ಆಯಿ ಒಂದು ದಿನವೂ ಸಾಲೆ ತಪ್ಪಿಸಲಿಲ್ಲ. ಒಂದಕ್ಷರ ಕಲಿಯಲಿಲ್ಲ, ಒಂದು ತುತ್ತು ತಿನ್ನಲಿಲ್ಲ.

ಆಯಿ ಹೋದಳು, ಆ ಮನೆ ಅಣೆಕಟ್ಟಿನ ಹಿನ್ನೀರಿಗೆ ಸೇರಿತು. ಮಾಳವ್ವ ಈಗ ಪುನರ್ವಸತಿ ಊರಿನ ಸಾಲೆಯಲ್ಲಿ ಬಿಸಿಯೂಟ ಬೇಯಿಸುತ್ತಾಳೆ. ಅಕ್ಕಂದಿರ ಬೆರಳು ಹಿಡಿದು ಬರುವ ಪುಟ್ಟವರಿಗೂ ತಾಟು ಇಡುತ್ತಾಳೆ. ಮೊನ್ನೆ ತಪಾಸಣೆಗೆ ಬಂದ ಸಾಹೇಬರೊಬ್ಬರು, "ಇವರ ಹೆಸರ ಎಲ್ಲೈತಿ?" ಎಂದರಂತೆ. "ನನ್ನ ಹೆಸರ ಹಚ್ಚಿಕೊಳ್ರಿ," ಎಂದಳಂತೆ ಇವಳು, ಸೌಟು ಕೆಳಗಿಡದೆ.

ಬೇಸಿಗೆಯಲ್ಲಿ ನೀರು ಇಳಿದಾಗ ನಮ್ಮ ಹೊಸಿಲ ಕಲ್ಲು ಕಾಣುತ್ತದೆ. ಅದರ ಮೇಲೆ ಕೂತು ಬಲಗೈ ಎತ್ತುತ್ತೇನೆ. ಕಿವಿಗೆ ಸಲೀಸಾಗಿ ಮುಟ್ಟುತ್ತದೆ, ತೋಳು ಜಗ್ಗುವವರಿಲ್ಲ.