ವಿವೇಕಾನಂದನ ಚೊಚ್ಚಲ ಹೆರಿಗೆ

ದೇಶದ ಹದಿನಾಲ್ಕು ರಾಜ್ಯಗಳಲ್ಲಿ ನರ್ಸುಗಳಿಗೆ ಹೆರಿಗೆ ತರಬೇತಿ ಯಾವ ಊರಲ್ಲಿ, ಯಾವ ದಿನ, ಯಾರಿಂದ ಎಂದು ಗೊತ್ತುಮಾಡುತ್ತಿದ್ದವನು ಕಲಬುರಗಿಯ ಐವಾನ್-ಎ-ಶಾಹಿ ಬಡಾವಣೆಯ ಎರಡು ಕೋಣೆಯ ಆಫೀಸಿನಲ್ಲಿ ಕೂತ ವಿವೇಕಾನಂದ. ಅಸ್ಸಾಮಿಗೆ ಹೋಗಬೇಕಾದ, ಹೆರಿಗೆ ಕಲಿಸುವ ರಬ್ಬರ್ ಗೊಂಬೆ ಒಡಿಶಾದಲ್ಲಿ ಇಳಿದರೆ ಅವನಿಗೆ ಫೋನು. ಬಿಹಾರದಲ್ಲಿ ಕರೆಂಟು ಹೋದರೂ ಅವನಿಗೇ ಫೋನು. ಮಗನ ಕೆಲಸವೇನೆಂದು ಯಾರಾದರೂ ಕೇಳಿದರೆ ತಾಯಿ ಚಂದಮ್ಮ, "ದೇಶಕ್ಕೆಲ್ಲಾ ಗೊಂಬಿ ಕಳಸ್ತಾನ್ರಿ" ಎನ್ನುತ್ತಿದ್ದಳು. ಕೇಳಿದವರು ಅಂಗಡಿ ಎಲ್ಲಿದೆ ಎಂದು ವಿಚಾರಿಸುತ್ತಿದ್ದರು.

ತನ್ನ ಸ್ವಂತ ತಾಲ್ಲೂಕಿನಲ್ಲಿ ಒಂದೂ ತರಬೇತಿ ಆಗಿಲ್ಲವೆಂಬ ಕೊರಗು ಅವನಿಗಿತ್ತು. ಕಡೆಗೊಮ್ಮೆ ಕಮಲಾಪುರದಲ್ಲಿ ಹನ್ನೆರಡು ನರ್ಸುಗಳನ್ನು ಸೇರಿಸಿದ. ಮೂರನೆಯ ದಿನದ ಪರೀಕ್ಷೆಯಲ್ಲಿ ಹನ್ನೊಂದು ಜನ ಪಾಸಾದರು. ಫೇಲಾದವರು ಮೂವತ್ತು ವರ್ಷ ಹೆರಿಗೆ ಮಾಡಿಸಿದ ವಿಮಲಾಬಾಯಿ ಒಬ್ಬರೇ.

ಕೈಕೆಲಸಕ್ಕೆ ಪೂರ್ತಿ ಅಂಕ. ಆದರೆ ಗರ್ಭಿಣಿಯನ್ನು ಮಾತಾಡಿಸಿ ಧೈರ್ಯ ಹೇಳುವುದಕ್ಕೆ ಸೊನ್ನೆ.

"ರಬ್ಬರ್ ಗೊಂಬಿಗಿ ಏನಂತ ಧೈರ್ಯ ಹೇಳ್ಲಿರೀ? ಅದಕ್ಕೇನ್ ನೋವದ?" ಎಂದರು ವಿಮಲಾಬಾಯಿ.

ಇನ್ನೊಂದೇ ಅವಕಾಶ. ಅದೂ ತಪ್ಪಿದರೆ ಅವರು ಹೆರಿಗೆ ಕೋಣೆ ಬಿಟ್ಟು ರಿಜಿಸ್ಟರ್ ಬರೆಯುತ್ತ ಕೂಡಬೇಕು. ತರಬೇತಿ ತಂದವನು ತಾನೇ ಅಲ್ಲವೇ ಎಂದುಕೊಂಡ ವಿವೇಕಾನಂದ. ನಿಯಮದ ಪುಸ್ತಕ ತಿರುವಿದ. ರಬ್ಬರ್ ಕೂಸು ತುಂಬಿದ ಕೃತಕ ಹೊಟ್ಟೆಯನ್ನು ಗೊಂಬೆಯ ಬದಲು ಜೀವಂತ ವ್ಯಕ್ತಿಗೂ ಕಟ್ಟಬಹುದು ಎಂದಿತ್ತು. ನರ್ಸುಗಳೆಲ್ಲ ಬಾಯಿಗೆ ಸೆರಗು ಹಿಡಿದು ಹಿಂದೆ ಸರಿದರು.

"ಹೆಣ್ಣೇ ಆಗ್ಬೇಕಂತ ಎಲ್ಲಿ ಬರದದ್ರೀ?" ಎಂದು ಅವನೇ ಹೊಟ್ಟೆ ಕಟ್ಟಿಕೊಂಡು ಮೇಜಿನ ಮೇಲೆ ಅಂಗಾತ ಮಲಗಿದ. ಪರೀಕ್ಷಕಿ ಡಾಕ್ಟರ್ ಮಂಜುಷಾ ಪುಸ್ತಕವನ್ನು ಎರಡು ಸಲ ನೋಡಿದರು. ಎಲ್ಲಿಯೂ ಬರೆದಿರಲಿಲ್ಲ.

ಜೀವವಿರುವ ಮುಖ ಕಂಡದ್ದೇ ವಿಮಲಾಬಾಯಿಯ ದನಿ ಬದಲಾಯಿತು.

"ಏನವ್ವಾ ನಿನ್ನ ಹೆಸರು?"

"ವಿವೇಕಾನಂದ."

"ಎಷ್ಟನೇ ಹೆರಿಗಿ?"

"ಮೊದಲನೇದ್ರಿ."

"ಹೆದರಬ್ಯಾಡ, ನಾ ಇಲ್ಲೇ ಅದೀನಿ. ಗಂಡ ಎಲ್ಲಿಗಿ ಹೋಗ್ಯಾನ? ಇಂಥಾ ಹೊತ್ತಿನ್ಯಾಗ ಬಿಟ್ಟು ಹೋಗೂದೇನು, ಖಬರ್ ಅದ ಇಲ್ಲ ಅವಗ?"

ಮಂಜುಷಾ ನಗು ನುಂಗಿ ಅಂಕ ಬರೆದರು. ವಿಮಲಾಬಾಯಿ ಅವನ ತೋಳಿಗೆ ಬಿಪಿ ಪಟ್ಟಿ ಸುತ್ತಿದರು. ನೋಡಿದರು. ಮತ್ತೆ ಸುತ್ತಿ ನೋಡಿದರು.

"ನೂರಾ ಎಪ್ಪತ್ತು, ನೂರಾ ಹತ್ತು. ತಲಿ ನೋಯ್ತದೇನವ್ವಾ?"

"ಹದಿನೈದು ದಿನ ಆತ್ರಿ ನೋಯಾಕತ್ತಿ," ಎಂದು ನಟನೆ ಮರೆತು ನಿಜವನ್ನೇ ಹೇಳಿಬಿಟ್ಟ. "ಫೋನ್ ಭಾಳ ಆಗ್ಯಾವ, ಅದಕ್ಕ ಅಂತ ಸುಮ್ನಿದ್ದೆ."

ವಿಮಲಾಬಾಯಿ ಕೈಗವಸು ಕಳಚಿದರು. "ಈ ಹೆರಿಗಿ ನಾ ಇಲ್ಲಿ ಮಾಡಸೂದಿಲ್ಲ. ಈಗಿಂದೀಗ ಕಲಬುರಗಿಗಿ ಕಳಸ್ಬೇಕು."

ವಿವೇಕಾನಂದ ಗಾಬರಿಯಾಗಿ ಮೇಲೆದ್ದ. "ಬಾಯಾರ, ಇದು ನಾರ್ಮಲ್ ಹೆರಿಗಿ ಪರೀಕ್ಷಾರೀ! ಕೂಸು ಹೊರಗ ತಗೀರಿ, ಇಲ್ಲಾಂದ್ರ ಫೇಲ್ ಆಗ್ತೀರಿ!"

"ಆದ್ರ ಆಗ್ಲಿ. ನೀ ಬಾಯಿ ಮುಚ್ಚಿ ಎಡಕ್ಕ ಹೊಳ್ಳಿ ಮಲಕೊ, ಯವ್ವಾ."

ಮಂಜುಷಾ ಎದ್ದು ಬಂದು ತಾವೇ ಬಿಪಿ ನೋಡಿದರು. ಅಷ್ಟೇ ಇತ್ತು. ಪ್ರಶ್ನೆ ಬದಿಗಿಟ್ಟು ಕಣ್ಣೆದುರಿನ ರೋಗಿಯನ್ನು ನೋಡುವುದಕ್ಕಿಂತ ದೊಡ್ಡ ಕೌಶಲ ಯಾವುದಿದೆ ಎಂದು ಪೂರ್ತಿ ಅಂಕ ಕೊಟ್ಟರು.

"ಪಾಸೇನ್ರೀ?" ಎಂದ ವಿವೇಕಾನಂದ, ಎಡಕ್ಕೆ ಹೊರಳಿದಲ್ಲಿಂದಲೇ.

"ಪಾಸು."

ಹನ್ನೊಂದು ಜನ ಚಪ್ಪಾಳೆ ತಟ್ಟಿದರು. ವಿಮಲಾಬಾಯಿ ತಿರುಗಿ ಗದರಿದರು:

"ಏ, ಗದ್ದಲ ಮಾಡಬ್ಯಾಡ್ರಿ, ಬಿಪಿ ಇನ್ನಾ ಏರ್ತದ! ಯಾರರ ಮೊದಲ ಗಾಡಿ ಕರೀರಿ."